ಹಳೆಯ ಮಸೂರ, ಹೊಸ ಕ್ಯಾಮರಾ

ದೂರದ ವಸ್ತುವಿನ ಬಿಂಬ ದೊಡ್ಡದಾಗಬೇಕಾದರೆ ಮಸೂರದ ಸಂಗಮದೂರವು ಹೆಚ್ಚಾಗಿರಬೇಕು. ಚಂದ್ರನು ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿಯಷ್ಟು ಅಗಲವಾಗಿ ತೋರುತ್ತಾನೆ. 50 ಮಿ.ಮೀ. ಸಂಗಮದೂರದ ಮಸೂರವು ಮೂಡಿಸುವ ಚಂದ್ರಬಿಂಬದ ವ್ಯಾಸ ಅರ್ಧ ಮಿ.ಮೀ.ಗೂ ಕಡಮೆ, 200 ಮಿ.ಮೀ. ಮಸೂರದಲ್ಲಿ ಅದು ಸುಮಾರು 1.8 ಮಿ.ಮೀ.

ಸಂಗಮದೂರ ಹೆಚ್ಚಿದಂತೆಲ್ಲ ಕೊಳವೆಯೂ ಉದ್ದವಾಗಬೇಕಲ್ಲವೆ? ಈ ತೊಡಕಿಗೆ 1891ರಲ್ಲಿ ಇಂಗ್ಲೆಂಡಿನ ಥಾಮಸ್ ಡಾಲ್‌ಮೆಯರನು ಟೆಲಿಫೋಟೊ ಮಸೂರದಿಂದ ಪರಿಹಾರ ಕಂಡನು. ಮುಂದೆ ಪೀನಮಸೂರ, ಹಿಂದೆ ನಿಮ್ನಮಸೂರ. ಎರಡರ ಸಂಗಮದೂರವೂ 100 ಮಿ.ಮೀ. ಆಗಿದ್ದು, ನಡುವಣ ಅಂತರ 50 ಮಿ.ಮೀ. ಇದ್ದರೆ, ಜೋಡಿಯ ಸಂಗಮದೂರ 200 ಮಿ.ಮೀ. ಆಗುತ್ತದೆ. ಆದರೆ ಮುಂದಿನ ಮಸೂರದಿಂದ ಬಿಂಬದವರೆಗಿನ ಉದ್ದ ಕೇವಲ 150 ಮಿ.ಮೀ.!

ಫಿಲ್ಮಿಗಾಗಿ ತಯಾರಾದ ಇಂತಹ ಹಳೆಯ ಮಸೂರಗಳು ಇಂದು ಹೊಸವುಗಳಿಗಿಂತ ಅಗ್ಗವಾಗಿ ದೊರೆಯುವುದುಂಟು. ಅವನ್ನು ಡಿಜಿಟಲ್ ಕ್ಯಾಮರಾಕ್ಕೆ ಜೋಡಿಸಬಹುದೆ? ಇದನ್ನು ನಿರ್ಣಯಿಸುವುದು ಮಸೂರ ಕೂರುವ ಅಂಚಿನಿಂದ ಫಿಲ್ಮಿಗಿರುವ ಅಂತರ. 1959ರ ನಿಕಾನ್ ಎಫ್ ಕ್ಯಾಮರಾದಲ್ಲಿ, ಒಳಗೆ ಕನ್ನಡಿಯೊಂದು ಏರಿಳಿಯಬೇಕಾದುದರಿಂದ, ಇದು 46.5 ಮಿ.ಮೀ. ಇತ್ತು. 2018ರಲ್ಲಿ ಬಂದ ಕನ್ನಡಿಯಿಲ್ಲದ ನಿಕಾನ್ ಝಡ್ ಕ್ಯಾಮರಾಗಳಲ್ಲಿ ಅದು 16 ಮಿ.ಮೀ. ಮಾತ್ರ. ನಡುವೆ 30.5 ಮಿ.ಮೀ. ದಪ್ಪದ ಟೊಳ್ಳು ಉಂಗುರವನ್ನಿಟ್ಟರೆ ಮಸೂರವು ತನ್ನ ಹಳೆಯ ಸ್ಥಾನದಲ್ಲಿಯೇ ನಿಲ್ಲುತ್ತದೆ. ಹಳೆಯ ಕೆನಾನ್ ಎಫ್‌ಡಿ ಮಸೂರಗಳಿಗೆ ಬೇಕಾದುದು 42 ಮಿ.ಮೀ.; ಕೆನಾನ್ ಇಎಫ್ ಕ್ಯಾಮರಾಗಳ ಅಂತರವೇ 44 ಮಿ.ಮೀ. ಆದುದರಿಂದ ಬರಿಯ ಉಂಗುರದಿಂದ ದೂರದ ವಸ್ತು ಸ್ಪಷ್ಟವಾಗಿ ಮೂಡದು.

ದೋಷಗಳನ್ನೂ ಅರಿಯೋಣ. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೇಲ್ಮೈಯೂ ಸುಮಾರು ಶೇಕಡ 4ರಷ್ಟು ಬೆಳಕನ್ನು ಪ್ರತಿಫಲಿಸುತ್ತದೆ. ಬಿಡಿಬಿಡಿಯಾದ ನಾಲ್ಕು ಗಾಜುಗಳಿಗೆ ಎಂಟು ಮೇಲ್ಮೈಗಳು. ದಾಟುವ ಬೆಳಕು ಶೇಕಡ 72. ಉಳಿದುದರಲ್ಲಿ ಒಂದು ಪಾಲು ಒಳಗೇ ಅಲೆದು ಚಿತ್ರವನ್ನು ಮಸುಕಾಗಿಸುತ್ತದೆ. 1935ರಲ್ಲಿ ಝೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲನು ಕಂಡುಹಿಡಿದ ತೆಳುಲೇಪನವು ಈ ನಷ್ಟವನ್ನು ತಗ್ಗಿಸಿತು. ಆದರೂ ಹಳೆಯ ಮಸೂರಕ್ಕೆ ಬೆಳಕು ತಡೆಯುವ ಹುಡ್ ತೊಡಿಸುವುದು ಲೇಸು. ಅಂಚುಗಳಲ್ಲಿ ನೇರಿಳೆ ಬಣ್ಣ ಕಂಡರೆ ರಂಧ್ರವನ್ನು ಕಿರಿದು ಮಾಡಬೇಕು. ಕೊಳ್ಳುವ ಮುನ್ನ ಮಸೂರವನ್ನು ಬೆಳಕಿಗೆ ಹಿಡಿದು, ಜೇಡರ ಬಲೆಯಂತಹ ಬೂಷ್ಟು ಒಳಗಿದೆಯೇ ಎಂದು ನೋಡಬೇಕು. ತಕ್ಕ ಸೌರಶೋಧಕವನ್ನು ಮುಂದೆ ಅಳವಡಿಸದೆ ಸೂರ್ಯನತ್ತ ಎಂದಿಗೂ ತಿರುಗಿಸಬಾರದು. ಕಣ್ಣಿಗೂ ಸಂವೇದಕಕ್ಕೂ ಅಪಾಯ.

ಇಂತಹ ಮಸೂರದಿಂದ ವಿದ್ಯಾರ್ಥಿಗಳು ಮಾಡಬಹುದಾದ ಪ್ರಯೋಗವೊಂದನ್ನು ಸೂಚಿಸುತ್ತೇವೆ. 36×24 ಮಿ.ಮೀ. ಸಂವೇದಕದಲ್ಲಿ 2.4 ಕೋಟಿ ಬಿಂದುಗಳಿದ್ದರೆ ಒಂದೊಂದರ ಅಗಲ 0.006 ಮಿ.ಮೀ. 200 ಮಿ.ಮೀ. ಮಸೂರದ ಚಂದ್ರಬಿಂಬವು ಸುಮಾರು 300 ಬಿಂದುಗಳನ್ನು ಆವರಿಸುತ್ತದೆ. ಪ್ರತಿ ಹುಣ್ಣಿಮೆಯಂದೂ, ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಚಂದ್ರನ ಚಿತ್ರ ತೆಗೆದು ಬಿಂದುಗಳನ್ನು ಎಣಿಸಿರಿ. ವರ್ಷದೊಳಗೆ ಎಣಿಕೆಯು ಸುಮಾರು 285ರಿಂದ 325ರವರೆಗೆ ಏರಿಳಿಯುವುದನ್ನು ಕಾಣುವಿರಿ. ಚಂದ್ರನು ಭೂಮಿಗೆ ಒಮ್ಮೆ ಹತ್ತಿರವಾಗಿ, ಒಮ್ಮೆ ದೂರವಾಗಿ ಸುತ್ತುತ್ತಾನೆಂಬುದಕ್ಕೆ ನೀವೇ ಅಳೆದು ಪಡೆದ ಪ್ರಮಾಣ ಇದು.