ಬಿಲ್ಲಿಂಗ್ ಕಂಪ್ಯೂಟರಿನ ವಿಂಡೋಸ್ ಬದಲಿಸುವಾಗ ಲೆಕ್ಕ ಕಳೆಯದಿರಲಿ



ನಮ್ಮ ಹೋಟೆಲುಗಳ ಗಲ್ಲಾದಲ್ಲಿ ಕುಳಿತಿರುವ ಕಂಪ್ಯೂಟರುಗಳಲ್ಲಿ ವಿಂಡೋಸ್ 10 ಬಹಳ ವರ್ಷ ಕೆಲಸ ಮಾಡಿತು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಉಚಿತ ಸುರಕ್ಷತಾ ಅಪ್‌ಡೇಟ್ ನಿಲ್ಲಿಸಿತು. ಮನೆಬಳಕೆಯವರು ನೋಂದಾಯಿಸಿಕೊಂಡರೆ ಕೊಟ್ಟ ಹೆಚ್ಚುವರಿ ಅವಧಿಯೂ 2026ರ ಅಕ್ಟೋಬರ್ 13ರವರೆಗೆ ಮಾತ್ರ. ಅಪ್‌ಡೇಟ್ ನಿಂತ ಮಾತ್ರಕ್ಕೆ ಬಿಲ್ ಬರುವುದು ನಿಲ್ಲುವುದಿಲ್ಲ. ಆದರೆ ಅದೇ ಯಂತ್ರದಲ್ಲಿ ಬ್ಯಾಂಕ್, ಜಿಎಸ್‌ಟಿ, ಇ-ಮೇಲ್ ಎಲ್ಲ ನೋಡುವವರಿಗೆ ಅಪಾಯ ದಿನೇ ದಿನೇ ಹೆಚ್ಚುತ್ತದೆ.

ರಿಪೇರಿಗೆ ಬಂದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಫಾರ್ಮ್ಯಾಟ್ ಮಾಡಿ ಹೊಸದು ಹಾಕೋಣ ಸಾರ್." ಅವರಿಗೆ ಅದು ಸುಲಭ. ನಮಗೆ ಹಾಗಲ್ಲ. ಬಿಲ್ಲಿಂಗ್ ತಂತ್ರಾಂಶ, ಐಟಂ ಪಟ್ಟಿ, ಕೆಒಟಿ ಪ್ರಿಂಟರುಗಳ ಜೋಡಣೆ, ಟ್ಯಾಲಿ ಎಲ್ಲವನ್ನೂ ಮತ್ತೆ ಮೊದಲಿನಿಂದ ಹಾಕಬೇಕು. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರವನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಕಾಪಾಡಬೇಕು. ಒಂದು ಫಾರ್ಮ್ಯಾಟ್‌ನಲ್ಲಿ ಆರು ವರ್ಷದ ಲೆಕ್ಕ ಹೋದರೆ ಉತ್ತರ ಹೇಳಬೇಕಾದವರು ಮಾಲೀಕರೇ.

ಹಳೆಯದನ್ನು ಅಳಿಸದೆ, ಇದ್ದ ಜಾಗದಲ್ಲೇ ವಿಂಡೋಸ್ 11ಕ್ಕೆ ಏರುವ ದಾರಿ ಇದೆ. ಅಸಲಿ ವಿಂಡೋಸ್ 10 ಇದ್ದವರಿಗೆ ಇದು ಉಚಿತ.

1. ಯಂತ್ರ ಅರ್ಹವೇ ನೋಡಿ. ಮೈಕ್ರೋಸಾಫ್ಟ್‌ನ 'ಪಿಸಿ ಹೆಲ್ತ್ ಚೆಕ್' ಎಂಬ ಉಚಿತ ತಂತ್ರಾಂಶ ಹಾಕಿದರೆ ಅದೇ ಹೇಳುತ್ತದೆ. ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಟಿಪಿಎಂ 2.0 ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ನಂತರದ್ದು ಇರಬೇಕು. ಟಿಪಿಎಂ ಇಲ್ಲ ಎಂದು ತೋರಿಸಿದರೆ ಕೂಡಲೇ ಹೊಸ ಯಂತ್ರ ಕೊಳ್ಳಬೇಡಿ. ಹಲವು ಯಂತ್ರಗಳಲ್ಲಿ ಅದು ಇದ್ದರೂ ಬಯೋಸ್‌ನಲ್ಲಿ ಆಫ್ ಆಗಿರುತ್ತದೆ. ಆದರೆ 32 ಬಿಟ್ ವಿಂಡೋಸ್ ಇದ್ದರೆ ಈ ದಾರಿ ಇಲ್ಲ.

2. ತಂತ್ರಾಂಶದವರನ್ನು ಕೇಳಿ. ನಿಮ್ಮ ಬಿಲ್ಲಿಂಗ್ ತಂತ್ರಾಂಶ ಮತ್ತು ಥರ್ಮಲ್ ಪ್ರಿಂಟರಿನ ಡ್ರೈವರ್ ವಿಂಡೋಸ್ 11ರಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಲೈಸೆನ್ಸ್ ನಂಬರುಗಳನ್ನು ಕಾಗದದಲ್ಲಿ ಬರೆದಿಡಿ.

3. ಬ್ಯಾಕಪ್ ತೆಗೆಯಿರಿ. ಫೋಲ್ಡರ್ ಕಾಪಿ ಮಾಡಿದರೆ ಸಾಲದು. ಬಿಲ್ಲಿಂಗ್ ತಂತ್ರಾಂಶದ ಮತ್ತು ಟ್ಯಾಲಿಯ ಒಳಗಿರುವ ಬ್ಯಾಕಪ್ ಆಯ್ಕೆಯನ್ನೇ ಬಳಸಿ. ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲಿ ಹಾಕಿ, ಅದು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆಯುತ್ತದೆಯೇ ನೋಡಿ, ಆಮೇಲೆ ಮನೆಗೆ ಒಯ್ಯಿರಿ.

4. ಒಳಗಿನಿಂದಲೇ ಸೆಟಪ್ ನಡೆಸಿ. ಮುಖ್ಯ ಗುಟ್ಟು ಇದೇ. ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಬೂಟ್ ಮಾಡಿದರೆ ಹಳೆಯ ತಂತ್ರಾಂಶಗಳನ್ನು ಉಳಿಸುವ ಆಯ್ಕೆ ಸಿಗುವುದಿಲ್ಲ. ವಿಂಡೋಸ್ 10 ಚಾಲೂ ಇರುವಾಗಲೇ ಮೈಕ್ರೋಸಾಫ್ಟ್‌ನ 'ಇನ್‌ಸ್ಟಲೇಷನ್ ಅಸಿಸ್ಟೆಂಟ್' ಅಥವಾ ಸೆಟಪ್ ಫೈಲನ್ನು ಒತ್ತಬೇಕು. ಸೆಟಪ್ ಕೇಳಿದಾಗ ಫೈಲುಗಳು ಮತ್ತು ಆ್ಯಪ್‌ಗಳು ಎರಡನ್ನೂ ಉಳಿಸುವ ಆಯ್ಕೆಯನ್ನೇ ಆರಿಸಿ. ಆ ಆಯ್ಕೆ ಮಸುಕಾಗಿದ್ದರೆ ಮುಂದುವರಿಯಬೇಡಿ. ಸೆಟಪ್‌ನ ಭಾಷೆ ಮತ್ತು ಈಗಿರುವ ವಿಂಡೋಸ್ ಭಾಷೆ ಹೊಂದದಿದ್ದರೂ ಹೀಗಾಗುತ್ತದೆ.

5. ಸಮಯ ನೋಡಿ ಮಾಡಿ. ರಾತ್ರಿ ಗಲ್ಲಾ ಮುಚ್ಚಿದ ಮೇಲೆ, ವಾರದ ಮಧ್ಯೆ ಮಾಡಿ. ಕೇಟರಿಂಗ್ ಇರುವವರು ಮದುವೆ ಮುಹೂರ್ತಗಳ ಕಾಲ ಬಿಟ್ಟು ಆಷಾಢದಂಥ ಬಿಡುವಿನಲ್ಲಿ ಮಾಡಿದರೆ ಒಳ್ಳೆಯದು. ಯುಪಿಎಸ್ ಇರಲಿ, ಕೈಬಿಲ್ ಪುಸ್ತಕವೊಂದು ಗಲ್ಲಾದಲ್ಲಿ ಸಿದ್ಧವಿರಲಿ. ಎರಡು ಕಂಪ್ಯೂಟರ್ ಇದ್ದರೆ ಒಂದೇ ರಾತ್ರಿ ಎರಡಕ್ಕೂ ಕೈಹಾಕಬೇಡಿ.

ಮುಗಿದ ಮೇಲೆ ಬೆಳಗಿನ ಇಡ್ಲಿ-ಕಾಫಿ ಗಿರಾಕಿ ಬರುವ ಮುಂಚೆ ಒಂದು ಬಿಲ್, ಪ್ರತಿ ಅಡುಗೆ ವಿಭಾಗಕ್ಕೂ ಒಂದು ಕೆಒಟಿ ತೆಗೆದು ನೋಡಿ. ಕಳೆದ ತಿಂಗಳ ಮಾರಾಟದ ಮೊತ್ತ ಹಳೆಯ ಪ್ರಿಂಟ್‌ಗೆ ತಾಳೆಯಾಗಬೇಕು. ಬೇರೆ ಕಂಪ್ಯೂಟರಿನ ಮೂಲಕ ಹಂಚಿಕೊಂಡ ಪ್ರಿಂಟರನ್ನು ಮತ್ತೆ ಜೋಡಿಸಬೇಕಾಗಬಹುದು.

ತೊಂದರೆ ಕಂಡರೆ ಹಿಂದಿರುಗಲು 10 ದಿನ ಅವಕಾಶವಿದೆ. ಹಳೆಯ ವಿಂಡೋಸ್ 'ವಿಂಡೋಸ್.ಓಲ್ಡ್' ಎಂಬ ಫೋಲ್ಡರಿನಲ್ಲಿ ಇರುತ್ತದೆ. ಸೆಟ್ಟಿಂಗ್ಸ್‌ನ 'ರಿಕವರಿ'ಯಲ್ಲಿ 'ಗೋ ಬ್ಯಾಕ್' ಒತ್ತಿದರೆ ಮರಳಿ ಬರುತ್ತದೆ. ಜಾಗ ಉಳಿಸಲೆಂದು ಯಾರೂ ಆ ಫೋಲ್ಡರ್ ಅಳಿಸದಂತೆ ಕ್ಯಾಷಿಯರ್‌ಗೆ ತಿಳಿಸಿ. ಆದರೆ ನಡುವೆ ಮಾಡಿದ ಬಿಲ್ಲುಗಳ ಬ್ಯಾಕಪ್ ತೆಗೆದೇ ಹಿಂದಿರುಗಬೇಕು.

ಯಂತ್ರ ಅರ್ಹವಲ್ಲದಿದ್ದರೆ? ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋದರೂ, ಊರಿನ ಮೂಲೆಯ ಅಂಗಡಿಗೆ ಹೋದರೂ, ತಪಾಸಣೆ ತಪ್ಪಿಸಿ ಹಾಕಿಕೊಡುವವರು ಸಿಗಬಹುದು. ಅಂಥ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಬರುವ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಅದಕ್ಕಿಂತ ಬ್ಯಾಂಕ್ ಮತ್ತು ಜಿಎಸ್‌ಟಿ ಕೆಲಸವನ್ನು ಬೇರೆ ಹೊಸ ಯಂತ್ರಕ್ಕೆ ಸಾಗಿಸಿ, ಹಳೆಯದನ್ನು ಇಂಟರ್ನೆಟ್ ಇಲ್ಲದೆ ಬಿಲ್ಲಿಗಷ್ಟೇ ಬಳಸುವುದು ಮೇಲು.

ಯಾರೇ ಬಂದು ಕೆಲಸ ಮಾಡಲಿ, ಬ್ಯಾಕಪ್ ನಿಮ್ಮ ಕೈ ಸೇರುವ ತನಕ ಕೀಬೋರ್ಡ್ ಮುಟ್ಟಲು ಬಿಡಬೇಡಿ.