ಗಂಟಲು ಒಣಗಿದಾಗ

ಪ್ರಶ್ನೆ: ಮೈಕಿನ ಮುಂದೆ ನಿಂತರೆ ಗಂಟಲು ಒಣಗುತ್ತದೆ. ಭಾಷಣವನ್ನು ಒಬ್ಬರ ಬಳಿ ಕೂತು ಕಲಿಯಬಹುದೇ? (ಓದುಗರು, ತೇರದಾಳ)

ಖಂಡಿತ ಕಲಿಯಬಹುದು. ಅದರ ಹಳೆಯ ಪಾಠಶಾಲೆ ನಿಮ್ಮ ಸೀಮೆಯಲ್ಲೇ ಇದೆ: ನಾಟಕದ ತಾಲೀಮು. ಹಗಲೆಲ್ಲ ಮಗ್ಗದಲ್ಲೋ ಕಬ್ಬಿನ ಹೊಲದಲ್ಲೋ ದುಡಿದವರು ಜಾತ್ರೆಯ ನಾಟಕಕ್ಕೆಂದು ರಾತ್ರಿ ಹಾರ್ಮೋನಿಯಂ ಪೇಟಿಯ ಸುತ್ತ ಸೇರುತ್ತಾರೆ. ಮಾಸ್ತರರು ಒಬ್ಬೊಬ್ಬರನ್ನೇ ಎಬ್ಬಿಸಿ ಮಾತು ಒಪ್ಪಿಸಿಕೊಳ್ಳುತ್ತಾರೆ, ತಪ್ಪಿದಲ್ಲಿ ಅಲ್ಲೇ ತಡೆಯುತ್ತಾರೆ. ಪುಸ್ತಕ ಓದಿದರೆ ಈ ತಡೆ ಸಿಗದು.

ಕನ್ನಡದಲ್ಲಿ ಹೀಗೆ ತಡೆಯುವವರು ಇನ್ನೂ ಮುಖ್ಯ. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಹೆದರಿದವನ ಉಸಿರು ಮುಗಿಯುವುದೂ ಅಲ್ಲಿಯೇ. 'ನೀರು ಬಿಡುತ್ತೇವೆ' ಎಂದನೋ 'ಬಿಡುವುದಿಲ್ಲ' ಎಂದನೋ ಹಿಂದಿನ ಸಾಲಿನವರಿಗೆ ತಿಳಿಯದು! ಮಾತಾಡುವವನಿಗೆ ಈ ತಪ್ಪು ಕೇಳಿಸುವುದಿಲ್ಲ. ಎದುರು ಕೂತವರಿಗೆ ಕೇಳಿಸುತ್ತದೆ.

ಗಂಟಲು ಒಣಗುವುದು ದೌರ್ಬಲ್ಯವಲ್ಲ. ಭಯವಾದಾಗ ದೇಹ ಅಡ್ರಿನಲಿನ್ ಸುರಿಸುತ್ತದೆ, ಜೊಲ್ಲು ಕಡಿಮೆಯಾಗುತ್ತದೆ, ಉಸಿರು ಮೇಲಕ್ಕೇರುತ್ತದೆ. ಗುಟುಕು ನೀರು ಕುಡಿದು, ನಿಧಾನವಾಗಿ ಉಸಿರು ಬಿಟ್ಟು ಶುರುಮಾಡಿ.

ಬಯಲಾಟದಲ್ಲಿ ಪಾತ್ರ ಬಂದೊಡನೆ ಆಟ ನಡೆಸುವ ಸಾರಥಿ 'ತಾವು ಯಾರು, ಯಾವ ಊರು' ಎಂದು ವಿಚಾರಿಸುತ್ತಾನೆ. ಉತ್ತರ ಕೊಡುತ್ತಲೇ ಪಾತ್ರಧಾರಿಯ ದನಿ ಕುದುರುತ್ತದೆ. ನೀವೂ ಗೆಳೆಯರೊಬ್ಬರನ್ನು ಸಾರಥಿ ಮಾಡಿಕೊಳ್ಳಿ. ಹತ್ತು ಹೆಜ್ಜೆ ದೂರ ಕೂರಿಸಿ, ಎರಡು ನಿಮಿಷ ಮಾತಾಡಿ. ಕ್ರಿಯಾಪದ ಕೇಳಿಸದಿದ್ದಾಗಲೆಲ್ಲ ಅವರು ಕೈ ಎತ್ತಲಿ, ನೀವು ಆ ವಾಕ್ಯವನ್ನು ಮತ್ತೆ ಹೇಳಿ.