ಆಶುವಾಕ್ಕು ಮತ್ತು ಧ್ವನಿಮುದ್ರಿಕೆ: ಷುಗರ್ ಹಿಲ್ ಸಂಸ್ಥೆಯ ಉದಯ

ತಾಳಮದ್ದಳೆಯಲ್ಲಿ ಪದ್ಯವು ಪ್ರಸಂಗಕರ್ತನದು, ಅರ್ಥವು ಆ ರಾತ್ರಿಯ ಅರ್ಥಧಾರಿಯದು. ಒಬ್ಬರ ಸೊಗಸಾದ ಮಾತನ್ನು ಇನ್ನೊಬ್ಬರು ಮುಂದಿನ ಕೂಟದಲ್ಲಿ ಎತ್ತಿಕೊಂಡರೆ ಅದನ್ನು ಕಳವೆಂದು ಯಾರೂ ಎಣಿಸುವುದಿಲ್ಲ. ಆದರೆ ಇಂತಹ ಮಾತು ಧ್ವನಿಮುದ್ರಿತವಾಗಿ ಮಾರಾಟದ ವಸ್ತುವಾದಾಗ ಅದು ಯಾರ ಸೊತ್ತಾಗುತ್ತದೆ? ಅಮೆರಿಕದ ಷುಗರ್ ಹಿಲ್ ಎಂಬ ಧ್ವನಿಮುದ್ರಿಕಾ ಸಂಸ್ಥೆಯ ಚರಿತ್ರೆಯ ಮೂಲಕ ಈ ಪ್ರಶ್ನೆಯನ್ನು ಇಲ್ಲಿ ವಿವೇಚಿಸುತ್ತೇವೆ.

ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ 1973ರ ಆಗಸ್ಟ್ 11ರಂದು ಕೂಲ್ ಹರ್ಕ್ ಎಂಬ ಯುವಕನು ನಡೆಸಿದ ಕೂಟವನ್ನು ಹಿಪ್-ಹಾಪ್ ಕಲೆಯ ಆರಂಭವೆಂದು ಎಣಿಸುವುದು ವಾಡಿಕೆ. ಗಾನತಟ್ಟೆಯೊಂದರಲ್ಲಿ ತಾಳವಾದ್ಯವೇ ಪ್ರಧಾನವಾದ ಭಾಗವನ್ನು ಮತ್ತೆ ಮತ್ತೆ ನುಡಿಸಿ, ಅದರ ಲಯಕ್ಕೆ ಪ್ರಾಸಬದ್ಧವಾದ ಮಾತನ್ನು ಹೊಂದಿಸಿ ಹೇಳುವುದು ಇದರ ಕ್ರಮ; ಈ ಮಾತುಗಾರಿಕೆಗೆ ರ್‍ಯಾಪ್ ಎಂದು ಹೆಸರು. ಮೊದಲ ಆರು ವರ್ಷಗಳಲ್ಲಿ ಇದು ಬಹುಮಟ್ಟಿಗೆ ಕೂಟಗಳಲ್ಲಿಯೂ ಕೈಯಿಂದ ಕೈಗೆ ಸಾಗುವ ಟೇಪುಗಳಲ್ಲಿಯೂ ಉಳಿದಿತ್ತು.

1979ರಲ್ಲಿ ಗಾಯಕಿ ಸಿಲ್ವಿಯಾ ರಾಬಿನ್‌ಸನ್ ಮತ್ತು ಆಕೆಯ ಪತಿ ಜೋ ರಾಬಿನ್‌ಸನ್ ಇವರು ನ್ಯೂಜೆರ್ಸಿಯ ಎಂಗಲ್‌ವುಡ್ಡಿನಲ್ಲಿ ಷುಗರ್ ಹಿಲ್ ಸಂಸ್ಥೆಯನ್ನು ಸ್ಥಾಪಿಸಿದರು. ಬ್ರಾಂಕ್ಸಿನ ಪ್ರಸಿದ್ಧ ಮಾತುಗಾರರನ್ನಲ್ಲ, ಹೊಸಬರಾದ ಮೂವರು ತರುಣರನ್ನು ಅವರು ಆಯ್ದರು. 'ರ್‍ಯಾಪರ್ಸ್ ಡಿಲೈಟ್' ಎಂಬ ಆ ಮುದ್ರಿಕೆಯ ದೀರ್ಘ ರೂಪವು ಸುಮಾರು ಹದಿನೈದು ನಿಮಿಷಗಳದು. ಅದು ದೇಶದ ಮೊದಲ ನಲವತ್ತು ಹಾಡುಗಳ ಪಟ್ಟಿಗೆ ಏರಿತು. ಸಂಸ್ಥೆಯ ಉದಯವಾದದ್ದು ಹೀಗೆ.

ಆ ಹಾಡಿನ ವಾದ್ಯಭಾಗವು ಷೀಕ್ ತಂಡದ 'ಗುಡ್ ಟೈಮ್ಸ್' ಎಂಬ ಕೃತಿಯಿಂದ ಬಂದುದು. ಆ ತಂಡದ ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಆಕ್ಷೇಪಿಸಿ ಕರ್ತೃಗಳೆಂಬ ಮನ್ನಣೆಯನ್ನು ಪಡೆದರು. ಮೂವರಲ್ಲಿ ಒಬ್ಬನು ಹೇಳಿದ ಸಾಲುಗಳಾದರೋ ಬ್ರಾಂಕ್ಸಿನ ಗ್ರಾಂಡ್‌ಮಾಸ್ಟರ್ ಕ್ಯಾಝ್ ರಚಿಸಿದವು. ಕ್ಯಾಝನ ಬಿರುದಿನ ಅಕ್ಷರಗಳೂ ಅವುಗಳಲ್ಲಿ ಹಾಗೆಯೇ ಉಳಿದಿವೆ. ಆದರೂ ಆತನಿಗೆ ಮನ್ನಣೆ ದೊರೆಯಲಿಲ್ಲ. ರಾಗವು ಮೊದಲೇ ಮುದ್ರಿತವಾಗಿ ಹೆಸರನ್ನು ಪಡೆದಿತ್ತು; ಮಾತು ಬಾಯಲ್ಲಿಯೂ ನೋಟುಪುಸ್ತಕದಲ್ಲಿಯೂ ಮಾತ್ರ ಇತ್ತು. ಈ ಭೇದವೇ ಫಲಭೇದಕ್ಕೆ ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ.

1982ರಲ್ಲಿ ನಗರದ ಬಡತನವನ್ನು ವರ್ಣಿಸುವ 'ದ ಮೆಸೇಜ್' ಹೊರಬಂದಿತು. ಅದು ಗ್ರಾಂಡ್‌ಮಾಸ್ಟರ್ ಫ್ಲ್ಯಾಷ್ ಮತ್ತು ಸಂಗಡಿಗರ ಹೆಸರಿನಲ್ಲಿ ಪ್ರಸಿದ್ಧವಾದರೂ ಅದರ ಮಾತು ಮುಖ್ಯವಾಗಿ ಎಡ್ ಫ್ಲೆಚರ್ ಮತ್ತು ಮೆಲಿ ಮೆಲ್ ಇವರದು. ಮುಂದೆ ಗೌರವಧನದ ವಿವಾದದಿಂದ ಫ್ಲ್ಯಾಷ್ ಸಂಸ್ಥೆಯನ್ನು ತೊರೆದನು. 1984ರಲ್ಲಿ ಡೆಫ್ ಜ್ಯಾಮ್ ಮೊದಲಾದ ಹೊಸ ಸಂಸ್ಥೆಗಳು ತಲೆಯೆತ್ತಿದವು. ಆ ದಶಕದ ಮಧ್ಯಭಾಗದಲ್ಲಿ ಷುಗರ್ ಹಿಲ್ ಮುಚ್ಚಿತು.

ಮುದ್ರಣವು ಕ್ಷಣಿಕವಾದ ಮಾತನ್ನು ಉಳಿಸುತ್ತದೆ. ಆಡಿದವನ ಹೆಸರನ್ನು ತಾನಾಗಿ ಉಳಿಸುವುದಿಲ್ಲ. ಉಡುಪಿಯ ಪರಿಸರದಲ್ಲಿ ತಾಳಮದ್ದಳೆಗಳನ್ನು ಮುದ್ರಿಸಿಕೊಳ್ಳುವ ವಿದ್ಯಾರ್ಥಿಗಳು ಪ್ರಸಂಗಕರ್ತ, ಭಾಗವತ, ಅರ್ಥಧಾರಿ, ಸ್ಥಳ, ದಿನಾಂಕ ಇವಿಷ್ಟನ್ನು ಅಂದೇ ಬರೆದಿಡುವುದು ಅವಶ್ಯವೆಂದು ಸೂಚಿಸುತ್ತೇವೆ.